ಕೆರೆ ನೀರು ಎಷ್ಟು ಎಕರೆಗೆ? 2024ರ ಒಣ ಬೇಸಿಗೆಯಲ್ಲಿ ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದ ಪ್ರಕರಣ

2024ರ ಮಾರ್ಚ್ 1ನೇ ತಾರೀಕು ಭಾರತೀಯ ಹವಾಮಾನ ಇಲಾಖೆ ಬೇಸಿಗೆಯ ಮುನ್ನೋಟ ಬಿಟ್ಟಾಗ ಕೊಡಗಿನ ಅಮ್ಮತ್ತಿ ಕಡೆಯ ಈ ತೋಟದಲ್ಲಿ ರೋಬಸ್ಟಾ ಕಾಫಿ ಕೊಯ್ಲು ಮುಗ್ದು ಕಣದಲ್ಲಿ ಕೊನೇ ಚೆರಿ, ಅಂದ್ರೆ ಕಾಫಿ ಹಣ್ಣು, ಒಣಗ್ತಾ ಇತ್ತು, ಗಿಡದಲ್ಲಿ ಮೊಗ್ಗು ಕಟ್ಟಿ ಕೂತಿತ್ತು, ಕೆರೇಲಿ ಮಾತ್ರ ಆ ಹೊತ್ತಿಗೆ ಇರ್ಬೇಕಾದಷ್ಟು ನೀರು ಇರ್ಲಿಲ್ಲ. ತೋಟದ ಯಜಮಾನರು ನನಗೆ ದೂರದಲ್ಲಿ ಅಣ್ಣ ಆಗ್ಬೇಕು, ಹೆಸರು ಹಾಕ್ಬೇಡ ಅಂದಿದ್ದಾರೆ, ಹಾಗಾಗಿ ಇಲ್ಲೂ ಅಣ್ಣ ಅಂತಾನೇ ಬರೀತೀನಿ. ಹತ್ತು ಎಕರೆ ರೋಬಸ್ಟಾ, ಸಿಲ್ವರ್ ಮರಕ್ಕೆಲ್ಲ ಹಬ್ಬಿಸಿದ ಕರಿಮೆಣಸು, ಅರ್ಧ ಎಕರೆ ಅಗಲದ ಒಂದು ಕೆರೆ, ಒಂದು ಡೀಸೆಲ್ ಪಂಪು. ಎಕರೆ, ಲೀಟರ್ ಎಲ್ಲಾ ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ರೌಂಡ್ ಮಾಡಿದೀನಿ. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ, "ಮಳೆ ಬರುತ್ತಾ ಇಲ್ವಾ ಹೇಳು, ಬರೋದಾದ್ರೆ ಕಾಯ್ತೀನಿ, ಇಲ್ಲಾಂದ್ರೆ ನಾಳೆನೇ ಪೈಪ್ ಎಳೆಸ್ತೀನಿ."

ಆ ಪ್ರಶ್ನೆಗೆ ಯಾವ ಮುನ್ನೋಟದಲ್ಲೂ ಉತ್ತರ ಇರ್ಲಿಲ್ಲ, ಆದ್ರೆ ಅದೇ ಮುನ್ನೋಟ ಇಟ್ಕೊಂಡು ಕೇಳ್ಬೋದಾದ ಇನ್ನೊಂದು ಪ್ರಶ್ನೆ ಇತ್ತು, ಆ ವರ್ಷ ಈ ತೋಟದಲ್ಲಿ ನಡೆದಿದ್ದೆಲ್ಲ ಅದರ ಸುತ್ತಾನೇ.

ಕಾಫಿ ಬೆಳೆಯದ ಊರಿನವರಿಗೆ ಸ್ವಲ್ಪ ಹಿನ್ನೆಲೆ ಬೇಕು. ರೋಬಸ್ಟಾ ಮೊಗ್ಗು ಒಣಹವೆಯಲ್ಲಿ ನಿದ್ದೆ ಮಾಡ್ತಾ ಇರುತ್ತೆ, ಫೆಬ್ರವರಿ ಕೊನೆ ಮಾರ್ಚಲ್ಲಿ ಒಂದೇ ಸಲಕ್ಕೆ ಒಂದರಿಂದ ಒಂದೂವರೆ ಇಂಚು ನೀರು ಬಿದ್ರೆ ಎಂಟು ಹತ್ತು ದಿನದಲ್ಲಿ ಹೂ ಬಿಡುತ್ತೆ, ಇದನ್ನೇ ಹೂಮಳೆ ಅಂತಾರೆ, ತೋಟದವರ ಬಾಯಲ್ಲಿ ಬ್ಲಾಸಂ. ಅದಾಗಿ ಎರಡು ಮೂರು ವಾರದೊಳಗೆ ಇನ್ನೊಂದು ಮುಕ್ಕಾಲು ಇಂಚು, ಒಂದು ಇಂಚು ಬೀಳ್ಬೇಕು, ಅದು ಬ್ಯಾಕಿಂಗ್, ಅದಿಲ್ದೆ ಹೋದ್ರೆ ಹೂ ಎಷ್ಟೇ ಬೆಳ್ಳಗೆ ಬಂದಿದ್ರೂ ಕಾಯಿ ನಿಲ್ಲಲ್ಲ. ಇದೆರಡಕ್ಕಿಂತಲೂ ಕೆಟ್ಟದ್ದು ಅರೆಬರೆ ಮಳೆ. ಇಪ್ಪತ್ತು ಮೂವತ್ತು ಸೆಂಟ್ಸ್ ಬಿದ್ರೆ ಮೊಗ್ಗು ಅರ್ಧ ಎದ್ದು ಪೂರ್ತಿ ಅರಳೋಕಾಗ್ದೆ ಸ್ಟಾರ್ ಹೂ ಆಗಿ ನಿಂತುಬಿಡುತ್ತೆ, ಆ ಮೊಗ್ಗಿನ ಫಸಲು ಹೋಯ್ತು ಅಂತಾನೇ ಲೆಕ್ಕ. ಸೆಂಟ್ಸ್ ಅಂದ್ರೆ ಇಂಚಿನ ನೂರನೇ ಒಂದು ಭಾಗ, ಕೊಡಗಲ್ಲಿ ಇವತ್ತಿಗೂ ಮಳೆ ಅಳೆಯೋದು ಇಂಚು ಸೆಂಟ್ಸಲ್ಲೇ, ಮಿಲಿಮೀಟರ್ ಹೇಳಿದ್ರೆ ಅಣ್ಣ "ಅದನ್ನ ನಮ್ಮ ಲೆಕ್ಕಕ್ಕೆ ಹಾಕಿ ಹೇಳು ಮಾರಾಯ" ಅಂತಾರೆ.

ಹಿಂದಿನ ವರ್ಷದ ಮಳೆಗಾಲ ಕೈ ಕೊಟ್ಟಿತ್ತು. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗೆ ಅತೀ ಒಣ ಆಗಸ್ಟು, ಶೇಕಡ 36 ಕೊರತೆ, ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮಳೆಗಾಲ ಸೊರಗಿಸೋ ಎಲ್ ನಿನೋ ಜೂನಿಂದಲೇ ಶುರುವಾಗಿತ್ತು, ಕರ್ನಾಟಕದ 236 ತಾಲೂಕಲ್ಲಿ 223ನ್ನ ಸರ್ಕಾರ ಬರಪೀಡಿತ ಅಂತ ಘೋಷಣೆ ಮಾಡಿತ್ತು. ಕೊಡಗಲ್ಲಿ ಬರ ಅಂದ್ರೆ ಹೊರಗಿನವರು ನಗ್ತಾರೆ, ಅವರ ಕಣ್ಣಿಗೆ ಇಲ್ಲಿ ಎಲ್ಲಾ ಹಸಿರೇ. ಆದ್ರೆ ಇಲ್ಲಿ ಮಳೆಗಾಲ ಸೋತ್ರೆ ಅದು ಆಗ ಗೊತ್ತಾಗಲ್ಲ, ಊರಕೊಲ್ಲಿ, ಅಂದ್ರೆ ಊರಿನ ಸಣ್ಣ ತೊರೆ, ಬೇಗ ಬತ್ತಿ, ಕೆರೆಗೆ ಬರೋ ಒರತೆ ಜನವರಿಗೇ ನಿಂತು, ಮಾರ್ಚಲ್ಲಿ ಪಂಪ್ ಇಳಿಸೋವಾಗ ಗೊತ್ತಾಗುತ್ತೆ. ಅದರ ಮೇಲೆ 2024ರ ಜನವರಿ ಶುರುವಲ್ಲಿ ಬೇಡದ ಮಳೆ ಬೇರೆ ಬಂತು, ಕಣದಲ್ಲಿದ್ದ ಕಾಫಿ ನೆನೆದು, ಕೆಲವು ಗಿಡದಲ್ಲಿ ಹಣ್ಣು ಇರೋವಾಗ್ಲೇ ಪಕ್ಕದ ಗೆಣ್ಣಲ್ಲಿ ಹೂ. ಆಮೇಲೆ ಫೆಬ್ರವರಿ ಪೂರ್ತಿ ಬಿಸಿಲು.

ಈಗ ಮುನ್ನೋಟದ ವಿಷಯ. ಮಾರ್ಚ್ 1ರ ಪ್ರಕಟಣೆಯಲ್ಲಿ ಎರಡು ಮಾತು ಮುಖ್ಯ ಇತ್ತು, ಒಂದು, ಮಾರ್ಚಿಂದ ಮೇ ತನಕ ದೇಶದ ಬಹುಪಾಲು ಕಡೆ ಗರಿಷ್ಠ ಉಷ್ಣಾಂಶ ಮಾಮೂಲಿಗಿಂತ ಜಾಸ್ತಿ ಇರುತ್ತೆ ಅನ್ನೋದು, ಇನ್ನೊಂದು, ಮಾರ್ಚ್ ತಿಂಗಳ ಮಳೆ ದೇಶದ ಸರಾಸರಿಯಾಗಿ ಮಾಮೂಲಿಗಿಂತ ಜಾಸ್ತಿ, ಶೇಕಡ 117ರ ಮೇಲೆ ಅನ್ನೋದು. ಪೇಪರಲ್ಲಿ ಎರಡನೇದು ದೊಡ್ಡದಾಗಿ ಬಂತು, ಅಣ್ಣನ ವಾಟ್ಸಾಪಿಗೂ ಅದೇ ಬಂದಿತ್ತು. "ನೋಡು, ಜಾಸ್ತಿ ಮಳೆ ಅಂತ ಅವರೇ ಹೇಳಿದ್ದಾರಲ್ಲ" ಅಂತ ಫೋನ್ ತೋರಿಸಿದ್ರು.

ಆದ್ರೆ ಆ 117 ಯಾರದ್ದು? ಮಾರ್ಚಲ್ಲಿ ದೇಶಕ್ಕೆ ಬೀಳೋ ಮಳೆಯೇ ಸರಾಸರಿ ಮೂವತ್ತು ಮಿಲಿಮೀಟರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಹಿಮಾಲಯದ ಕಡೆ ಪಶ್ಚಿಮದಿಂದ ಬರೋ ಗಾಳಿಯಿಂದ ಆಗೋ ಮಳೆ ಹಿಮ, ಕಾಶ್ಮೀರದಲ್ಲಿ ಎರಡು ಸಲ ಜೋರು ಬಿದ್ರೆ ದೇಶದ ಲೆಕ್ಕ ಮೇಲೆ ಹೋಗುತ್ತೆ, ಅದಕ್ಕೂ ಅಮ್ಮತ್ತಿ ಹೂಮಳೆಗೂ ಸಂಬಂಧಾನೇ ಇಲ್ಲ. ಹಾಗಾದ್ರೆ ದೇಶದ ಲೆಕ್ಕ ಬಿಟ್ಟು ನಮ್ಮ ಪ್ರದೇಶದ್ದು ನೋಡೋಣ ಅಂದ್ರೆ, ಕೊಡಗು ಯಾವ ಪ್ರದೇಶ ಅನ್ನೋದೇ ಒಂದು ತಮಾಷೆ. ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ನಾವು ದಕ್ಷಿಣ ಒಳನಾಡು ಕರ್ನಾಟಕ, ಅಂದ್ರೆ ಕೋಲಾರ, ತುಮಕೂರು, ಮೈಸೂರು ಜೊತೆ ಒಂದೇ ಗುಂಪು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಪಟ್ಟಿಯಲ್ಲಿ ನಾವು ಮಲೆನಾಡು, ಶಿವಮೊಗ್ಗ, ಹಾಸನ, ಚಿಕ್ಕಮಗಳೂರು ಜೊತೆ. ಟಿವಿಯಲ್ಲಿ "ದಕ್ಷಿಣ ಒಳನಾಡಿನಲ್ಲಿ ಒಣಹವೆ" ಅಂತ ಹೇಳಿದ ದಿನವೇ ಇನ್ನೊಂದು ಕಡೆ "ಮಲೆನಾಡಿನ ಅಲ್ಲಲ್ಲಿ ಸಾಧಾರಣ ಮಳೆ" ಅಂತ ಬಂದಿರುತ್ತೆ, ಎರಡೂ ಅವರವರ ಲೆಕ್ಕಕ್ಕೆ ಸರಿನೇ, ತಲೆ ಕೆಡೋದು ನಮಗೆ. ಅದೂ ಹೋಗ್ಲಿ, ಕೊಡಗು ಅಂದ್ರೆ 4102 ಚದರ ಕಿಲೋಮೀಟರ್, ಋತುವಿನ ಮುನ್ನೋಟದ ನಕ್ಷೆಯಲ್ಲಿ ಒಂದು ಡಿಗ್ರಿ ಅಗಲದ ಒಂದು ಚೌಕ ತಗೊಂಡ್ರೆ ಅದು ಹನ್ನೆರಡು ಸಾವಿರ ಚದರ ಕಿಲೋಮೀಟರ್ ಹತ್ರ ಆಗುತ್ತೆ, ಅದರಲ್ಲಿ ನಾವು ಮೂರನೇ ಒಂದು ಭಾಗ. ಆ ಮೂರನೇ ಒಂದು ಭಾಗದೊಳಗೆ ಭಾಗಮಂಡಲವೂ ಇದೆ ಕುಶಾಲನಗರವೂ ಇದೆ, ಒಂದು ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ, ಇನ್ನೊಂದು ಕಡೆ ಮೈಸೂರಿನ ಹಾಗೇ ಬಯಲು.

ಬೇಸಿಗೆ ಮಳೆ ಹೇಗೆ ಬರುತ್ತೆ ಅನ್ನೋದು ಗೊತ್ತಿದ್ರೆ ಇದರ ಕಷ್ಟ ಇನ್ನೂ ಅರ್ಥ ಆಗುತ್ತೆ. ಜೂನ್ ಜುಲೈ ಮಳೆ ಅರಬ್ಬೀ ಸಮುದ್ರದಿಂದ ಸಾಲಾಗಿ ಬಂದು ಘಟ್ಟಕ್ಕೆ ಹೊಡೆಯೋ ಮಳೆ, ಅದು ಬಂದ್ರೆ ಜಿಲ್ಲೆಗೆಲ್ಲ ಬರುತ್ತೆ. ಮಾರ್ಚ್ ಏಪ್ರಿಲ್‌ದು ಹಾಗಲ್ಲ, ನೆಲ ಬಿಸಿ ಆಗ್ಬೇಕು, ಬಂಗಾಳಕೊಲ್ಲಿ ಕಡೆಯಿಂದಲೋ ಅರಬ್ಬೀ ಕಡೆಯಿಂದಲೋ ತೇವದ ಗಾಳಿ ಒಳಗೆ ಬರ್ಬೇಕು, ಮಹಾರಾಷ್ಟ್ರದಿಂದ ಕೇರಳದ ತನಕ ಒಳನಾಡಿನ ಮೇಲೆ ಎರಡು ಗಾಳಿ ಸೇರೋ ಒಂದು ಗೆರೆ ಆಗ್ಬೇಕು, ಅದು ನಮ್ಮ ತಲೆ ಮೇಲೆ ಇರ್ಬೇಕು, ಮೇಲಿನ ಗಾಳಿ ಅದನ್ನ ಒತ್ತಿ ಹಿಡೀಬಾರ್ದು, ಇಷ್ಟೆಲ್ಲ ಕೂಡಿ ಬಂದ ದಿನ ಸಂಜೆ ನಾಲ್ಕಕ್ಕೆ ಗುಡುಗಿ ಒಂದು ತೋಟಕ್ಕೆ ಎರಡು ಇಂಚು ಸುರಿದು ಪಕ್ಕದ ತೋಟದ ಗೇಟಲ್ಲಿ ಧೂಳು ಹಾಗೇ ಇರುತ್ತೆ. ಇಂಥ ಮಳೆ ಇಷ್ಟನೇ ತಾರೀಕು ಇಂಥ ತೋಟಕ್ಕೆ ಬರುತ್ತೆ ಅಂತ ತಿಂಗಳ ಮುಂಚೆ ಯಾರಿಂದ್ಲೂ ಹೇಳಕ್ಕಾಗಲ್ಲ, ಹೇಳ್ತೀನಿ ಅಂದವರನ್ನ ನಂಬಬೇಡಿ, ಯೂಟ್ಯೂಬಲ್ಲಿ ಇಂಥವರು ಬೇಕಾದಷ್ಟಿದ್ದಾರೆ.

ಹಾಗಾದ್ರೆ ಮುನ್ನೋಟ ಕಸದ ಬುಟ್ಟಿಗಾ ಅಂದ್ರೆ ಅಲ್ಲ, ಅದರಲ್ಲಿ ಮೊದಲನೇ ಮಾತು, ಉಷ್ಣಾಂಶದ್ದು, ಅದು ತುಂಬಾ ಗಟ್ಟಿ ಮಾತು. ಎಲ್ ನಿನೋ ಜೋರಿದ್ದು ಇಳೀತಾ ಇರೋ ವರ್ಷದ ಬೇಸಿಗೆ ದಕ್ಷಿಣದಲ್ಲಿ ಬಿಸಿ ಜಾಸ್ತಿ ಇರುತ್ತೆ ಅನ್ನೋದು 2016ರಲ್ಲೂ ಕಂಡಿದ್ದೇ. ಮಳೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತೆ, ಬಿಸಿ ಊರಿಗೆಲ್ಲ ಒಂದೇ ಸಮ ಹರಡುತ್ತೆ, ಅದಕ್ಕೇ ಬಿಸಿ ಹೇಳೋದು ಸುಲಭ. ಮತ್ತೆ ಋತುವಿನ ಮುನ್ನೋಟದಲ್ಲಿ ಬರೋ ಶೇಕಡಾ ಅಂದ್ರೆ ಮೂರು ಪಾಲಿನ ಲೆಕ್ಕ, ಕಮ್ಮಿ, ಮಾಮೂಲಿ, ಜಾಸ್ತಿ, ಏನೂ ಗೊತ್ತಿಲ್ದೆ ಇದ್ರೆ ಮೂರಕ್ಕೂ ಶೇಕಡ 33. ಯಾವುದಾದ್ರೂ ಒಂದಕ್ಕೆ 45, 50 ಅಂತ ಬಂದ್ರೆ ತಕ್ಕಡಿ ಆ ಕಡೆ ವಾಲಿದೆ ಅಂತ ಅರ್ಥವೇ ಹೊರತು ಬಂದೇ ಬಿಡುತ್ತೆ ಅಂತಲ್ಲ. ಇದನ್ನ ಅಣ್ಣನಿಗೆ ಹೇಳಿದ್ದಕ್ಕೆ, "ಅಂದ್ರೆ ನಾನು ಮಳೆ ಮೇಲೆ ಎಷ್ಟು ಸಾಲ ತಗೋಬೋದು ಅಂತ ಹೇಳ್ತಾ ಇದೀಯ" ಅಂದ್ರು, ಅದಕ್ಕಿಂತ ಚೆನ್ನಾಗಿ ನನಗೂ ಹೇಳಕ್ಕೆ ಬರ್ತಿರ್ಲಿಲ್ಲ.

ಇಲ್ಲಿ ಅತ್ತಿಗೆ ಒಳಗಿಂದ ಮಳೆ ಪುಸ್ತಕ ತಂದ್ರು. ಕೊಡಗಿನ ಹಳೇ ತೋಟಗಳಲ್ಲಿ ಇದೊಂದು ಒಳ್ಳೇ ಅಭ್ಯಾಸ, ಮನೆ ಎದುರು ರೈನ್ ಗೇಜ್ ಇರುತ್ತೆ, ಬೆಳಗ್ಗೆ ಎದ್ದು ಅಳೆದು ಬರೆದು ಇಡ್ತಾರೆ, ಈ ಮನೇಲಿ ಅಣ್ಣನ ಅಪ್ಪ ಶುರು ಮಾಡಿದ್ದನ್ನ ಈಗ ಅತ್ತಿಗೆ ನಡೆಸ್ತಾ ಇದ್ದಾರೆ. ಮಾರ್ಚ್ ಪುಟ ಮಾತ್ರ ತೆಗೆದು ನೋಡ್ತಾ ಹೋದ್ವಿ. ಮಾರ್ಚ್ 20ರೊಳಗೆ ಒಂದೇ ದಿನ ಒಂದು ಇಂಚು ದಾಟಿದ ವರ್ಷಗಳು ಅರ್ಧಕ್ಕಿಂತ ಕಮ್ಮಿ, ಅದರಲ್ಲೂ ಆಮೇಲೆ ಮೂರು ವಾರದೊಳಗೆ ಬ್ಯಾಕಿಂಗಿಗೆ ಸಾಕಾಗೋಷ್ಟು ಬಂದ ವರ್ಷ ಇನ್ನೂ ಕಮ್ಮಿ. ಅಣ್ಣನ ನೆನಪಲ್ಲಿ ಹೂಮಳೆ ಯಾವಾಗ್ಲೂ ಟೈಮಿಗೆ ಬರ್ತಾ ಇತ್ತು, ಪುಸ್ತಕದಲ್ಲಿ ಹಾಗಿರ್ಲಿಲ್ಲ. "ನಿಮಗೆ ಚೆನ್ನಾಗಿ ಬಂದ ವರ್ಷ ಮಾತ್ರ ನೆನಪಿರುತ್ತೆ ರೀ" ಅಂದ್ರು ಅತ್ತಿಗೆ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಅತೀ ಉಪಯೋಗಕ್ಕೆ ಬಂದ ದಾಖಲೆ ಆ ಪುಸ್ತಕವೇ, ಯಾಕಂದ್ರೆ ಮುನ್ನೋಟ ಹೇಳೋದು ಮಾಮೂಲಿಗಿಂತ ಜಾಸ್ತಿಯಾ ಕಮ್ಮಿಯಾ ಅಂತ, ಆ ಮಾಮೂಲಿ ನಮ್ಮ ತೋಟದಲ್ಲಿ ಎಷ್ಟು ಅಂತ ಗೊತ್ತಿಲ್ದೆ ಇದ್ರೆ ಅದನ್ನ ಇಟ್ಕೊಂಡು ಏನ್ ಮಾಡೋದು. ಮಾಮೂಲಿ ವರ್ಷದಲ್ಲೇ ಅರ್ಧಕ್ಕಿಂತ ಕಮ್ಮಿ ಇರೋ ಅವಕಾಶ, ಈ ವರ್ಷ ಬಿಸಿ ಒಣಹವೆ ಕಡೆಗೆ ವಾಲಿರೋವಾಗ ಅದರ ಮೇಲೆ ಹತ್ತೂ ಎಕರೆ ಒತ್ತೆ ಇಡೋದು ಬೇಡ, ಅಲ್ಲಿಗೆ ಕಾಯೋ ಮಾತು ಬಿಟ್ವಿ.

ಇನ್ನು ಕೆರೆ ಲೆಕ್ಕ. ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಒಂದು ಲಕ್ಷದ ಮೂರು ಸಾವಿರ ಲೀಟರ್ ಹತ್ರ. ಬ್ಲಾಸಂಗೆ ಒಂದೂವರೆ ಇಂಚು ಅಂದ್ರೆ ಎಕರೆಗೆ 1.54 ಲಕ್ಷ, ಹತ್ತು ಎಕರೆಗೆ 15.4 ಲಕ್ಷ. ಬ್ಯಾಕಿಂಗಿಗೆ ಒಂದು ಇಂಚು, ಹತ್ತು ಎಕರೆಗೆ 10.3 ಲಕ್ಷ. ಎರಡೂ ಸೇರಿ 25.7 ಲಕ್ಷ ಲೀಟರ್. ಕೆರೇಲಿ ಕೆಸರು ಬಿಟ್ಟು ಎತ್ತೋಕೆ ಸಿಗೋ ನೀರು 21 ಲಕ್ಷ. ಅದರ ಮೇಲೆ ಯಾರೂ ಲೆಕ್ಕಕ್ಕೆ ತಗೊಳ್ದೆ ಇರೋದು ಒಂದಿದೆ, ಆವಿ. ಅಂಥ ಬಿಸಿಲಲ್ಲಿ ದಿನಕ್ಕೆ ಐದು ಮಿಲಿಮೀಟರ್ ಆವಿ ಹೋಗುತ್ತೆ ಅಂತ ಇಟ್ಕೊಂಡ್ರೂ ಅರ್ಧ ಎಕರೆ ಕೆರೆಯಿಂದ ದಿನಕ್ಕೆ ಹತ್ತು ಸಾವಿರ ಲೀಟರ್, ಇಪ್ಪತ್ತು ದಿನ ಕಾದ್ರೆ ಎರಡು ಲಕ್ಷ. ಅಂದ್ರೆ ಮಳೆ ಬರ್ಬೋದು ಅಂತ ಸುಮ್ನೆ ಕೂತ ಇಪ್ಪತ್ತು ದಿನಕ್ಕೆ ಒಂದು ಎಕರೆಗಿಂತ ಜಾಸ್ತಿ ಹೂವಿನ ನೀರು ಆಕಾಶಕ್ಕೆ ಹೋಯ್ತು. ಕಾಯೋದಕ್ಕೆ ಖರ್ಚಿಲ್ಲ ಅಂತ ಅಂದ್ಕೊಂಡಿದ್ದ ಅಣ್ಣನಿಗೆ ಈ ಅಂಕಿ ಚುಚ್ಚಿತು. ಮುನ್ನೋಟದ ಆ ಉಷ್ಣಾಂಶದ ಮಾತು ನೇರವಾಗಿ ಕೆಲಸಕ್ಕೆ ಬಂದಿದ್ದು ಇಲ್ಲಿ, ಬಿಸಿ ಜಾಸ್ತಿ ಆದಷ್ಟೂ ಈ ಹತ್ತು ಸಾವಿರ ಮೇಲೆ ಹೋಗುತ್ತೆ, ಕೆಳಗೆ ಬರಲ್ಲ.

ಹಾಗಾಗಿ ಪ್ರಶ್ನೆ ಬದಲಾಯ್ತು, ಮಳೆ ಬರುತ್ತಾ ಅನ್ನೋದು ಹೋಗಿ ಮಳೆ ಬರ್ದೇ ಇದ್ರೆ ಎಷ್ಟು ಎಕರೆ ದಡ ಸೇರುತ್ತೆ ಅನ್ನೋದು ಬಂತು. ಹತ್ತೂ ಎಕರೆಗೆ ಬ್ಲಾಸಂ ಕೊಟ್ರೆ ಉಳಿಯೋದು 5.6 ಲಕ್ಷ, ಆವಿ ಎರಡು ಲಕ್ಷ ಕಳೆದು ಮೂರೂವರೆ ಲಕ್ಷ ಚಿಲ್ಲರೆ, ಬ್ಯಾಕಿಂಗ್ ಸಿಗೋದು ಮೂರೂವರೆ ಎಕರೆಗೆ, ಉಳಿದ ಆರೂವರೆ ಎಕರೆ ಹೂ ನೋಡಿ ಖುಷಿ ಪಡೋಕೆ. ಏಳು ಎಕರೆಗೆ ಮಾತ್ರ ಕೊಟ್ರೆ ಬ್ಲಾಸಂ ಬ್ಯಾಕಿಂಗ್ ಎರಡೂ ಸೇರಿ 18 ಲಕ್ಷ, ಆವಿ ಎರಡು, ಒಂದು ಲಕ್ಷ ಮೆಣಸಿಗೆ, ಮನೆಗೆ ಮಿಕ್ಕುತ್ತೆ, ಮೂರು ಎಕರೆ ಮಳೆ ದೇವರ ಪಾಲಿಗೆ. ಅಣ್ಣ ಮೊದಲು ಒಪ್ಪಲಿಲ್ಲ. ಆ ವರ್ಷ ರೇಟು ಹಾಗಿತ್ತು, ವಿಯೆಟ್ನಾಂನಲ್ಲೂ ಬರ ಬಿದ್ದು ಲಂಡನ್ ಮಾರ್ಕೆಟಲ್ಲಿ ರೋಬಸ್ಟಾ ಏರ್ತಾನೇ ಇತ್ತು, ಏಪ್ರಿಲಲ್ಲಿ ಟನ್ನಿಗೆ 4000 ಡಾಲರ್ ದಾಟಿತು, ಇಂಥ ವರ್ಷ ಮೂರು ಎಕರೆ ಬಿಡೋದಾ ಅಂತ ಹೊಟ್ಟೆ ಉರಿ. ಇದು ನ್ಯಾಯವಾದ ಹೊಟ್ಟೆ ಉರಿ, ಆದ್ರೆ ರೇಟು ಜಾಸ್ತಿ ಇದ್ದಾಗ ಖಾತ್ರಿ ಫಸಲಿನ ಬೆಲೆನೂ ಜಾಸ್ತಿ ಅಲ್ವಾ. ಹೊಳೆಯಿಂದ ಎತ್ತಿದ್ರೆ ಆಗಲ್ವಾ ಅಂತ ಮಾತು ಬಂತು, ಕಾವೇರಿಯೇ ಬಂಡೆ ತೋರಿಸ್ತಾ ಇರೋವಾಗ ಕುಡಿಯೋ ನೀರಿಗೆ ಅಂತ ಹೊಳೆ ಪಂಪಿಂಗ್ ಯಾವಾಗ ಬೇಕಾದ್ರೂ ನಿಲ್ಲಿಸ್ಬೋದು, ಅದನ್ನ ನಂಬಿ ಪ್ಲಾನ್ ಮಾಡೋಕಾಗಲ್ಲ ಅಂತ ಅಣ್ಣನೇ ಅದನ್ನ ಬಿಟ್ರು. ಕೊನೆಗೆ ಏಳು ಎಕರೆ ಅಂತ ತೀರ್ಮಾನ ಆಯ್ತು, ಯಾವ ಏಳು ಅನ್ನೋದು ಅತ್ತಿಗೆ ಹೇಳಿದ್ರು, ಮೊಗ್ಗು ಚೆನ್ನಾಗಿ ತುಂಬಿರೋ ಕೆಳಗಿನ ಬ್ಲಾಕು, ನೆರಳು ಜಾಸ್ತಿ ಇದ್ದು ನೆಲ ತಡ್ಕೊಳ್ಳೋ ಕಡೆ. ರಸ್ತೆ ಪಕ್ಕದ ಮೂರು ಎಕರೆ ಬಿಟ್ಟಿದ್ದು.

ಜೆಟ್, ಅಂದ್ರೆ ನೀರನ್ನ ಮಳೆ ಹಾಗೆ ಚಿಮ್ಮಿಸೋ ಸ್ಪ್ರಿಂಕ್ಲರ್, ಹಾಕೋ ಮುಂಚೆ ಒಂದು ಸಣ್ಣ ಕೆಲಸ ಮಾಡಿಸಿದ್ದು ತುಂಬಾ ಲಾಭ ಆಯ್ತು. ಒಂದೇ ಅಳತೆಯ ಖಾಲಿ ಡಬ್ಬಗಳನ್ನ ಜೆಟ್ಟಿನ ಸುತ್ತ ಗಿಡದ ಮಧ್ಯೆ ಇಟ್ಟು ಒಂದು ಗಂಟೆ ಬಿಟ್ಟು ಎಷ್ಟು ನೀರು ನಿಂತಿದೆ ಅಂತ ಸ್ಕೇಲಲ್ಲಿ ಅಳೆದ್ವಿ. ಪಂಪ್‌ಮ್ಯಾನ್ ಹೇಳ್ತಾ ಇದ್ದ ಗಂಟೆ ಲೆಕ್ಕಕ್ಕೆ ಒಂದೂವರೆ ಇಂಚು ಆಗ್ತಾನೇ ಇರ್ಲಿಲ್ಲ, ಒಂದು ಇಂಚಿನ ಹತ್ರ ಬರ್ತಾ ಇತ್ತು ಅಷ್ಟೇ, ಲೈನಿನ ಕೊನೇ ಜೆಟ್ಟಲ್ಲಿ ಇನ್ನೂ ಕಮ್ಮಿ. ಎಷ್ಟೋ ತೋಟದಲ್ಲಿ ನೀರು ಹಾಕಿಯೂ ಸ್ಟಾರ್ ಹೂ ಬರೋದು ಇದಕ್ಕೇ ಇರ್ಬೋದು ಅಂತ ನನ್ನ ಅನುಮಾನ. ಗಾಳಿ ಇಲ್ದೆ ಇರೋವಾಗ, ರಾತ್ರಿ ಹಾಕಿದ್ರೆ ನೀರು ಉಳಿಯುತ್ತೆ, ಅದು ಎಲ್ಲರಿಗೂ ಗೊತ್ತು, ಆದ್ರೆ ಅಮ್ಮತ್ತಿ ಸಿದ್ದಾಪುರ ಕಡೆ ರಾತ್ರಿ ಪೈಪ್ ಲೈನ್ ಶಿಫ್ಟ್ ಮಾಡು ಅಂತ ಯಾರಿಗೆ ಹೇಳೋದು, ಬರ ಬಂದ ವರ್ಷ ಆನೆಗೂ ತೋಟದ ಕೆರೆಯೇ ಗತಿ. ಎರಡನೇ ರಾತ್ರಿ ಆನೆ ಬಂದು ನೀರು ಕುಡಿದು ಎರಡು ಪೈಪ್ ತುಳಿದು ಹೋಯ್ತು, ಆಮೇಲಿಂದ ಬೆಳಗಿನ ಜಾವ ಬೆಳಕು ಹರಿದ ಮೇಲೆ ಶುರು ಮಾಡಿ ಬಿಸಿಲೇರೋ ಮುಂಚೆ ನಿಲ್ಲಿಸಿ ಮತ್ತೆ ಸಂಜೆ, ಹಾಗಾಗಿ ಏಳು ಎಕರೆ ಮುಗಿಸೋಕೆ ಒಂದು ವಾರದ ಮೇಲೆ ಹಿಡಿಯಿತು. ಕಾರ್ಮಿಕರ ಜೀವ ಇಟ್ಟು ನೀರು ಉಳಿಸೋ ಲೆಕ್ಕ ಯಾವ ಪುಸ್ತಕದಲ್ಲೂ ಬರೀಬಾರ್ದು.

ಹೂ ಚೆನ್ನಾಗಿ ಬಂತು. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು, ಅರೇಬಿಕಾ ಹಾಗಲ್ಲ, ಅದಕ್ಕೆ ಹೂ ಬಿಟ್ಟ ದಿನಗಳಲ್ಲಿ ಜೇನು ಇರ್ಬೇಕು, ಔಷಧಿ ಹೊಡೆಯೋದು ಪೂರ್ತಿ ನಿಲ್ಲಿಸಿದ್ರು. ಸುತ್ತಮುತ್ತ ತೋಟದಲ್ಲಿ ಇನ್ನೂ ಹೂ ಇರ್ಲಿಲ್ಲ, ಬಹುಶಃ ಊರಿನ ಹೆಜ್ಜೇನು, ತುಡುವೆ ಎಲ್ಲಾ ಇಲ್ಲೇ ಬಂತೋ ಏನೋ, ಆ ಗುಂಯ್ ಸದ್ದು ಗೇಟಿಗೇ ಕೇಳ್ತಾ ಇತ್ತು.

ಪ್ರಕರಣದ ನಿಜವಾದ ತಿರುವು ಬಂದಿದ್ದು ಆಮೇಲೆ, ಹೂ ಉದುರಿ ಬ್ಯಾಕಿಂಗಿಗೆ ಇನ್ನೇನು ಪಂಪ್ ಇಳಿಸ್ಬೇಕು ಅನ್ನೋ ಹೊತ್ತಿಗೆ. ಮಾರ್ಚ್ ಮೂರನೇ ವಾರ ದಾಟ್ತಾ ಇದ್ದ ಹಾಗೆ ಒಂದು ಸಂಜೆ ಗುಡುಗಿ ಮಳೆ ಬಂತು, ಗೇಜಲ್ಲಿ 35 ಸೆಂಟ್ಸ್. ಒಂದೇ ಮಳೆ, ಒಂದೇ ತೋಟ, ಏಳು ಎಕರೆಗೆ ಅದು ಉಡುಗೊರೆ, ಮೂರು ಎಕರೆಗೆ ಶಾಪ. ಏಳು ಎಕರೆಗೆ ಬ್ಯಾಕಿಂಗಿನ ಮೂರನೇ ಒಂದು ಭಾಗ ಪುಕ್ಕಟೆ ಸಿಕ್ತು, ಇನ್ನು 65 ಸೆಂಟ್ಸ್ ಕೊಟ್ರೆ ಸಾಕು, ಎರಡೂವರೆ ಲಕ್ಷ ಲೀಟರ್ ಕೆರೇಲಿ ಉಳೀತು. ಮೂರು ಎಕರೆಯಲ್ಲಿ ಮೊಗ್ಗು ಅರ್ಧ ಎದ್ದಿತ್ತು, ಎರಡು ದಿನದೊಳಗೆ ಮೇಲಿಂದ ನೀರು ಹಾಕಿ ಒಂದೂವರೆ ಇಂಚಿಗೆ ತುಂಬಿಸ್ದೆ ಹೋದ್ರೆ ಸ್ಟಾರ್ ಹೂ ಖಾತ್ರಿ. ತುಂಬಿಸೋಕೆ ಎಕರೆಗೆ 1.15 ಇಂಚು, ಮೂರು ಎಕರೆಗೆ ಮೂರೂವರೆ ಲಕ್ಷ, ಉಳಿದ ಎರಡೂವರೆ ಜೊತೆ ಮೆಣಸಿಗೆ ಇಟ್ಟಿದ್ದ ಒಂದು ಲಕ್ಷ ಸೇರಿಸಿದ್ರೆ ಸರಿಯಾಗಿ ಅಷ್ಟೇ ಇದೆ. ಅಣ್ಣ ಆಗ್ಲೇ ಪಂಪ್‌ಮ್ಯಾನಿಗೆ ಕೂಗಿದ್ರು. ತಡೆದಿದ್ದು ಅತ್ತಿಗೆ, "ಮೂರಕ್ಕೂ ಹಾಕಿದ್ರೆ ಅದಕ್ಕೆ ಬ್ಯಾಕಿಂಗ್ ಎಲ್ಲಿಂದ ತರ್ತೀರಿ?"

ಅದೇ ಪ್ರಶ್ನೆ ಮತ್ತೆ, ಮಳೆ ಮೇಲೆ ಎಷ್ಟು ಸಾಲ. ಈ ಸಲ ಋತುವಿನ ಮುನ್ನೋಟ ನೋಡೋ ಅಗತ್ಯ ಇರ್ಲಿಲ್ಲ, ಇಲಾಖೆ ಪ್ರತೀ ಗುರುವಾರ ಬಿಡೋ ಮುಂದಿನ ವಾರಗಳ ಮುನ್ಸೂಚನೆ, ಐದಾರು ದಿನದ ಜಿಲ್ಲಾ ಮುನ್ಸೂಚನೆ ಇವೆರಡು ನೋಡಿದ್ರೆ ಸಾಕು, ಮೂರು ವಾರದೊಳಗಿನ ತೀರ್ಮಾನಕ್ಕೆ ಇವೇ ಸರಿಯಾದ ಸಾಮಾನು. ಮೇಘದೂತ್ ಆ್ಯಪಲ್ಲೂ ಸಿಗುತ್ತೆ, ವಿಕೋಪ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಹೇಳ್ತಾರೆ, ಅವರ ಮಳೆ ಮಾಪನ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇರೋದು ದೊಡ್ಡ ಅನುಕೂಲ. (ದೇಶದಲ್ಲಿ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನ ಆ ಆರ್ಥಿಕ ವರ್ಷದ ಕೊನೆಗೇ ಮುಚ್ಚೋಕೆ ಆದೇಶ ಆಗಿದ್ದು, ಬರಗಾಲದ ಬೇಸಿಗೆ ಮಧ್ಯದಲ್ಲಿ ಈ ಬುದ್ಧಿ ಯಾರಿಗೆ ಬಂತೋ.) ಮುಂದಿನ ದಿನಗಳಲ್ಲಿ ಭರವಸೆ ಇಡೋ ಹಾಗೆ ಏನೂ ಕಾಣಿಸ್ಲಿಲ್ಲ, ಅಲ್ಲಲ್ಲಿ ಹಗುರ ಮಳೆ ಅನ್ನೋ ಮಾತಿನ ಮೇಲೆ ಬ್ಯಾಕಿಂಗ್ ನಿಲ್ಲಲ್ಲ. ಎರಡು ಎಕರೆಗೆ ಮಾತ್ರ ತುಂಬಿಸೋದು, ಉಳಿಯೋ ಒಂದು ಲಕ್ಷ ಚಿಲ್ಲರೆ ಅದೇ ಎರಡು ಎಕರೆಗೆ ಅರ್ಧ ಇಂಚಿನ ಬ್ಯಾಕಿಂಗಿಗೆ ಇಡೋದು, ರಸ್ತೆ ಅಂಚಿನ ಒಂದು ಎಕರೆ ಕೈ ಬಿಡೋದು ಅಂತ ಆಯ್ತು. ಮೆಣಸಿಗೆ ನೀರಿಲ್ಲ, ಬುಡಕ್ಕೆ ತರಗೆಲೆ ಹೊದಿಸಿ ನೆರಳು ಕಪಾತು, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋದು, ಮುಂದಕ್ಕೆ ಹಾಕಿದ್ರು.

ಏಪ್ರಿಲ್ ಹೇಗಿತ್ತು ಅಂತ ದಕ್ಷಿಣದವರಿಗೆಲ್ಲ ನೆನಪಿರುತ್ತೆ. ದಕ್ಷಿಣ ಭಾರತಕ್ಕೆ ಆ ತಿಂಗಳು ಬಿದ್ದ ಮಳೆ ಸರಾಸರಿ 12.6 ಮಿಲಿಮೀಟರ್, 1901ರಿಂದ ಐದನೇ ಅತೀ ಕಮ್ಮಿ, ಅಣ್ಣನ ಲೆಕ್ಕದಲ್ಲಿ ಅರ್ಧ ಇಂಚು. ಬೆಂಗಳೂರಲ್ಲಿ ಏಪ್ರಿಲ್ ಪೂರ್ತಿ ಹನಿ ಬೀಳ್ಲಿಲ್ಲ, 28ಕ್ಕೆ 38.5 ಡಿಗ್ರಿ, ಟ್ಯಾಂಕರ್ ಹಿಂದೆ ಜನ ಓಡ್ತಾ ಇದ್ರು, ಅವರು ಕುಡಿಯೋ ಕಾವೇರಿ ಹುಟ್ಟೋ ಊರಲ್ಲಿ ನಾವು ಕೆರೆ ತಳ ನೋಡ್ತಾ ಇದ್ವಿ. ತೋಟದ ಕೆರೆ ಎಡಮ್ಯಾರ್ ಹೊತ್ತಿಗೆ, ಅಂದ್ರೆ ಏಪ್ರಿಲ್ ಮಧ್ಯದ ಕೊಡವರ ಹೊಸ ವರ್ಷದ ಹೊತ್ತಿಗೆ, ಕೆಸರಾಯ್ತು. ರೇವತಿ ಮಳೆ ಹೋಯ್ತು, ಅಶ್ವಿನಿ ಹೋಯ್ತು, ಭರಣಿ ಬಂದ್ರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಆ ಭರಣಿ ಮುಗಿಯೋ ಹೊತ್ತಿಗೆ ಮೇ ತಿಂಗಳಲ್ಲಿ ಮಳೆ ಹತ್ತಿತು.

ಇದರ ಮಧ್ಯೆ ಏಪ್ರಿಲ್ 15ಕ್ಕೆ ಮುಂಗಾರಿನ ಮುನ್ನೋಟ ಬಂತು, ದೀರ್ಘಾವಧಿ ಸರಾಸರಿ 87 ಸೆಂಟಿಮೀಟರಿನ ಶೇಕಡ 106. ಊರಲ್ಲಿ ಎಲ್ಲರಿಗೂ ಸಮಾಧಾನ, ಒಬ್ಬರಂತೂ ಇದನ್ನ ಓದಿ ಉಳಿದ ನೀರನ್ನ ಧೈರ್ಯವಾಗಿ ಬಿಟ್ರು. ನನಗೆ ಆ 106 ನೋಡಿದ ಕೂಡ್ಲೇ 2016 ನೆನಪಾಯ್ತು, ಅವತ್ತೂ ದೊಡ್ಡ ಎಲ್ ನಿನೋ ಇಳೀತಾ ಇತ್ತು, ಅವತ್ತೂ ಏಪ್ರಿಲಲ್ಲಿ ಹೇಳಿದ್ದು 106, ಬಂದಿದ್ದು 97, ಅದೂ ಕಾವೇರಿ ಕಣಿವೆಗೆ ಸರಿಯಾಗಿ ಬರ್ದೆ ಆ ಸೆಪ್ಟೆಂಬರಲ್ಲಿ ಗಲಾಟೆ ಆಗಿದ್ದು ಎಲ್ರಿಗೂ ಗೊತ್ತು. 2024ರಲ್ಲಿ ಅದೇ 106 ಅಂದು 108 ಬಂತು, ಜುಲೈಯಲ್ಲೇ ಕನ್ನಂಬಾಡಿ 124.80 ಅಡಿ ತುಂಬ್ತು. ಆದ್ರೆ ಮೇ 30ಕ್ಕೆ ಕೇರಳಕ್ಕೆ ಬಂದ ಮುಂಗಾರು ಏಪ್ರಿಲಿನ ಬ್ಯಾಕಿಂಗಿಗೆ ಯಾವ ಉಪಕಾರಕ್ಕೂ ಬರಲ್ಲ, ಜೂನಿನ ಒಳ್ಳೇ ಸುದ್ದಿ ನಂಬಿ ಏಪ್ರಿಲಿನ ನೀರು ಖರ್ಚು ಮಾಡೋದು ಅಂದ್ರೆ ಬೇರೆಯವರ ಹೆಸರಿನ ಚೆಕ್ ನೋಡಿ ಖುಷಿ ಪಟ್ಟ ಹಾಗೆ.

ಫಲಿತಾಂಶ ಹೇಳ್ಬೇಕಂದ್ರೆ ಏಳು ಎಕರೆಯಲ್ಲಿ ಕಾಯಿ ಚೆನ್ನಾಗಿ ನಿಂತು, ಜುಲೈ ಮಳೆಗೆ ಒಂದಷ್ಟು ಉದುರಿದ್ರೂ ಕೊಯ್ಲಲ್ಲಿ ಮಾಮೂಲಿ ವರ್ಷದ ಹತ್ರಕ್ಕೆ ಬಂತು. ತುಂಬಿಸಿದ ಎರಡು ಎಕರೆ ಅರ್ಧದಷ್ಟು, ಅರ್ಧ ಇಂಚಿನ ಬ್ಯಾಕಿಂಗಿಗೆ ಅಷ್ಟೇ. ಕೈ ಬಿಟ್ಟ ಒಂದು ಎಕರೆಯಲ್ಲಿ ಸ್ಟಾರ್ ಹೂ ಒಣಗಿ ಕಪ್ಪಾಗಿ ಕೂತು, ಕೊಯ್ಯೋಕೆ ಆಳು ಕಳಿಸಿದ ಕೂಲಿನೂ ಹುಟ್ಟಲಿಲ್ಲ. ಇನ್ನೊಂದು ಕಡೆ, ಹತ್ತಿರದಲ್ಲೇ ಒಬ್ಬರು ನೀರೇ ಹಾಕ್ದೆ ಕಾದಿದ್ರು, ಅದೇ ಮಾರ್ಚ್ ಸಂಜೆ ಅವರ ತೋಟಕ್ಕೆ ಒಂದು ಇಂಚಿನ ಮೇಲೆ ಸುರೀತು, ನಮ್ಮಲ್ಲಿ ಎಲ್ರ ಬಾಯಲ್ಲೂ ಅವರದೇ ಮಾತು, ಕಾದವನೇ ಜಾಣ ಅಂತ. ಏಪ್ರಿಲಲ್ಲಿ ಅವರಿಗೆ ಬ್ಯಾಕಿಂಗ್ ಸಿಕ್ಕಿದ್ದು ತುಂಬಿದ್ದ ಕೆರೆಯಿಂದ, ನೀರು ಮುಟ್ಟದೆ ಇಟ್ಟಿದ್ರಲ್ಲ. ಅವರ ತೀರ್ಮಾನ ಸರಿ ಇತ್ತಾ ಅಂದ್ರೆ ನಾನು ಇಲ್ಲ ಅಂತಾನೇ ಹೇಳ್ತೀನಿ, ಆ ಮೋಡ ಎರಡು ಕಿಲೋಮೀಟರ್ ಆಚೆ ನಿಂತಿದ್ರೆ ಅವರ ಇಡೀ ತೋಟ ನಮ್ಮ ಆ ಒಂದು ಎಕರೆಯ ಹಾಗೆ ಆಗ್ತಿತ್ತು. ಅಣ್ಣ ಇದನ್ನ ಒಪ್ಪಲ್ಲ, ಅವರ ಜೊತೆ ಈ ವಾದ ಇನ್ನೂ ನಡೀತಾನೇ ಇದೆ.

ಕೆರೆ ಒಣಗಿದ್ದೇ ಅವಕಾಶ ಅಂತ ಆ ಏಪ್ರಿಲಲ್ಲೇ ಜೆಸಿಬಿ ತರಿಸಿ ಹೂಳು ತೆಗೆಸಿದ್ರು. ಅಗಲ ಮಾಡಿಸೋದು ಬೇಡ, ಆಳ ಮಾಡಿಸಿ ಅಂತ ಹೇಳಿದ್ದೆ, ಅಗಲ ಮಾಡಿದಷ್ಟೂ ಆವಿಗೆ ಬಾಯಿ ದೊಡ್ಡದಾಗುತ್ತೆ. ಅತ್ತಿಗೆ ರಸ್ತೆ ಬದಿ ಬ್ಲಾಕಲ್ಲಿ ಎರಡನೇ ರೈನ್ ಗೇಜ್ ಹಾಕಿಸಿದ್ದಾರೆ, ಮಳೆ ಪುಸ್ತಕದಲ್ಲಿ ಈಗ ಇಂಚು ಸೆಂಟ್ಸಿನ ಪಕ್ಕ ಇನ್ನೊಂದು ಕಾಲಂ, ಕೆರೆ ಕಂಬದಲ್ಲಿ ನೀರು ಎಷ್ಟು ಅಡಿ ಅಂತ, ಜನವರಿಯಿಂದ ವಾರಕ್ಕೊಂದು ಸಲ.